ಕ್ಯಾನ್ಸರ್ ಬಾಧಿತರಿಗೆ ಬೆಂಬಲ ಗುಂಪು: ಕಟ್ಟುವುದು, ನಡೆಸುವುದು ಹೇಗೆ?

ಕ್ಯಾನ್ಸರ್ ಎಂದು ಗೊತ್ತಾದ ಹೊಸದರಲ್ಲಿ ಮನೆ ತುಂಬ ಜನ, ಬಿಡುವಿಲ್ಲದ ಫೋನು. ಮೂರನೇ ಕೀಮೋ ಹೊತ್ತಿಗೆ ವಿಚಾರಿಸುವವರು ಕಡಿಮೆಯಾಗುತ್ತಾರೆ. ಚಿಕಿತ್ಸೆ ಮುಗಿದ ಮೇಲಂತೂ ‘ಎಲ್ಲ ಮುಗೀತಲ್ಲ, ಇನ್ನೇನು ಚಿಂತೆ?’ ಎಂಬ ಮಾತು. ಕಾಯಿಲೆ ಮರಳಿ ಬಂದೀತೆಂಬ ಭಯ ಗಟ್ಟಿಯಾಗುವುದು ಹೆಚ್ಚಾಗಿ ಆಗಲೇ. ಆಸ್ಪತ್ರೆಗೆ ಹೋಗಿಬರುವುದು ನಿಂತಿರುತ್ತದೆ, ಸಣ್ಣಪುಟ್ಟದ್ದು ಕೇಳೋಣವೆಂದರೆ ನರ್ಸ್ ಎದುರಿಗಿರುವುದಿಲ್ಲ. ಅಕ್ಕಪಕ್ಕದವರೇ ಸೇರಿ ನಡೆಸುವ ಬೆಂಬಲ ಗುಂಪು ಬೇಕಾಗುವುದು ಇಲ್ಲಿ.

ಆದರೆ ಗುಂಪಿಗೆ ಬಂದರೆ ಆಯಸ್ಸು ಹೆಚ್ಚುತ್ತದೆ ಎಂದು ಯಾರಿಗೂ ಹೇಳಬೇಡಿ. ಹರಡಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರು ವಾರಕ್ಕೊಮ್ಮೆ ಗುಂಪಿನಲ್ಲಿ ಸೇರಿದಾಗ ಹೆಚ್ಚು ಕಾಲ ಬದುಕಿದರೆಂದು ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು 1989ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು. 2001ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಕಂಡದ್ದು ಬೇರೆ: ಮನಸ್ಸಿನ ಸಂಕಟ ತಗ್ಗಿತ್ತು, ನೋವಿನ ಬಾಧೆಯೂ ಕಡಿಮೆ ಎನಿಸಿತ್ತು, ಅದರಲ್ಲೂ ಮೊದಲೇ ಹೆಚ್ಚು ಕುಗ್ಗಿದ್ದವರಿಗೆ. ಗುಂಪು ಕಟ್ಟಲು ಅಷ್ಟು ಕಾರಣ ಸಾಕು.

ಮೊದಲು ಇಬ್ಬರು ಬೇಕು

ನಡೆಸುವವರು ಇಬ್ಬರಿರಲಿ. ಒಬ್ಬರು ತರಬೇತಿ ಪಡೆದವರು, ಅಂದರೆ ಆಪ್ತಸಮಾಲೋಚಕರು, ನರ್ಸ್ ಅಥವಾ ವೈದ್ಯಕೀಯ ಸಮಾಜ ಕಾರ್ಯಕರ್ತರು. ಇನ್ನೊಬ್ಬರು ಕ್ಯಾನ್ಸರ್ ಅನುಭವಿಸಿ, ಚಿಕಿತ್ಸೆ ಮುಗಿದು ಕನಿಷ್ಠ ಒಂದು ವರ್ಷ ಕಳೆದವರು. ಇನ್ನೂ ಹಸಿಯಾಗಿರುವ ಗಾಯ ಇಟ್ಟುಕೊಂಡು ಇನ್ನೊಬ್ಬರ ಮಾತು ಕೇಳುವುದು ಕಷ್ಟ. ಕೇಳುವವರೇ ಅತ್ತು ಕೂತರೆ ಹೇಳುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಇಬ್ಬರೇಕೆಂದರೆ, ಯಾರಾದರೂ ನಡುವೆ ಎದ್ದು ಹೊರಗೆ ಹೋದಾಗ ಒಬ್ಬರು ಅವರ ಹಿಂದೆ ಹೋಗಬೇಕು, ಇನ್ನೊಬ್ಬರು ಗುಂಪಿನ ಜೊತೆ ಉಳಿಯಬೇಕು.

ಯಾರನ್ನು ಸೇರಿಸಿಕೊಳ್ಳಬೇಕು?

ಆರರಿಂದ ಹತ್ತು ಜನ ಸರಿ. ಹನ್ನೆರಡು ದಾಟಿದರೆ ಒಂದೂವರೆ ಗಂಟೆಯಲ್ಲಿ ಮೆಲುದನಿಯವರಿಗೆ ಸರದಿಯೇ ಬರುವುದಿಲ್ಲ. ಸೇರುವ ಮೊದಲು ಪ್ರತಿಯೊಬ್ಬರ ಜೊತೆ ಹದಿನೈದು ನಿಮಿಷ ಬೇರೆಯಾಗಿ ಮಾತಾಡಿ. ‘ನಿಮಗೆ ಡಾಕ್ಟರು ಏನಂತ ಹೇಳಿದ್ದಾರೆ?’ ಎಂದೇ ಶುರುಮಾಡಿ. ಮನೆಯವರು ಕಾಯಿಲೆಯ ಹೆಸರನ್ನು ಮುಚ್ಚಿಟ್ಟಿದ್ದರೆ ಅದು ಗುಂಪಿನ ನಡುವೆ, ಹತ್ತು ಜನರ ಎದುರು ಗೊತ್ತಾಗಬಾರದು.

‘ಕಳೆದ ವಾರ ಮನಸ್ಸಿನ ಸಂಕಟ ಎಷ್ಟಿತ್ತು? ಇಲ್ಲವೇ ಇಲ್ಲ ಅಂದರೆ 0, ತಡೆಯಲಾರದಷ್ಟು ಅಂದರೆ 10’ ಎಂಬುದು ಎರಡನೇ ಪ್ರಶ್ನೆ. ಕ್ಯಾನ್ಸರ್ ಆಸ್ಪತ್ರೆಗಳು ಬಳಸುವ ಅಳತೆಯಿದು. 4 ಅಥವಾ ಅದಕ್ಕಿಂತ ಹೆಚ್ಚೆಂದರೆ ತಜ್ಞರು ಒಮ್ಮೆ ನೋಡಬೇಕು. ಗುಂಪಿಗೆ ಬರಬಾರದೆಂದಲ್ಲ, ಗುಂಪೊಂದೇ ಸಾಲದು ಎಂದು.

ಕಾಯಿಲೆ ಬೇರೆ ಅಂಗಗಳಿಗೆ ಹರಡಿದವರಿಗೆ ಸಾಧ್ಯವಾದರೆ ಬೇರೆ ಗುಂಪು ಮಾಡಿ. ‘ಐದು ವರ್ಷ ದಾಟಿದರೆ ಗೆದ್ದೆವು’ ಎಂದು ಒಬ್ಬರು ಖುಷಿಯಿಂದ ಹೇಳುವಾಗ, ಚಿಕಿತ್ಸೆ ಎಂದೂ ಮುಗಿಯದವರು ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಆರೈಕೆ ಮಾಡುವ ಮನೆಯವರಿಗೂ ಬೇರೆ ದಿನ ಇಡಿ. ಗಂಡ ಎದುರಿಗಿದ್ದರೆ ಹೆಂಡತಿ ಸಾವಿನ ಮಾತೆತ್ತುವುದಿಲ್ಲ. ಹೆಂಡತಿ ಎದುರಿಗಿದ್ದರೆ ಗಂಡ ‘ಸಾಕಾಗಿದೆ’ ಅನ್ನುವುದಿಲ್ಲ.

ಜಾಗ

ಮೆಟ್ಟಿಲು ಹತ್ತಿಸಬೇಡಿ. ಶೌಚಾಲಯ ಹತ್ತಿರವಿರಲಿ, ಗಾಳಿಯಾಡಲಿ, ಒರಗುವ ಮತ್ತು ಕೈಯಿರುವ ಕುರ್ಚಿಗಳನ್ನು ದುಂಡಗೆ ಹಾಕಿ. ಊದುಬತ್ತಿ, ಸೆಂಟು, ಘಾಟಿನ ಹೂವು ಬೇಡ. ಕೀಮೋ ನಡೆಯುವಾಗ ಈ ವಾಸನೆಗಳಿಗೇ ಹೊಟ್ಟೆ ತೊಳಸುತ್ತದೆ. ಅನೇಕ ಕೀಮೋಗಳಲ್ಲಿ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರ ಇಳಿದಿರುತ್ತವೆ. ಆದ್ದರಿಂದ ನೆಗಡಿ, ಕೆಮ್ಮು ಇದ್ದವರು ಬರಬಾರದು, ನಡೆಸುವವರೂ ಅಷ್ಟೇ. ಬೇಕಾದರೆ ಫೋನಿನಲ್ಲಿ ಸೇರಲಿ. ಕೀಮೋದಲ್ಲಿರುವವರಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಗುಂಪಿನ ಎಲ್ಲರಿಗೂ ಇದು ಗೊತ್ತಿರಲಿ.

ಟಿಶ್ಯೂ ಡಬ್ಬಿಯನ್ನು ಎಲ್ಲರ ಕೈಗೆಟಕುವಂತೆ ನಡುವೆ ಇಟ್ಟು ಸುಮ್ಮನಿರಿ. ಅಳುವವರ ಕೈಗೆ ತುರುಕಿದರೆ ‘ಅತ್ತಿದ್ದು ಸಾಕು’ ಅಂದ ಹಾಗೆ.

ಒಂದೂವರೆ ಗಂಟೆ ಹೇಗೆ ಸಾಗಬೇಕು?

ಹದಿನೈದು ದಿನಕ್ಕೊಮ್ಮೆ, ವಾರದ ಅದೇ ದಿನ, ಅದೇ ಹೊತ್ತು. ಇಬ್ಬರೇ ಬಂದರೂ ನಡೆಸಿ. ಒಮ್ಮೆ ರದ್ದಾದರೆ ಮುಂದಿನ ಸಲ ಆ ಇಬ್ಬರೂ ಬರುವುದಿಲ್ಲ. ಮೊದಲ ಐದು ನಿಮಿಷ ನಿಯಮಗಳು, ಪ್ರತಿ ಸಲವೂ. ಇಲ್ಲಿನ ಮಾತು ಹೊರಗೆ ಹೋಗಬಾರದು. ಕೇಳದೆ ಸಲಹೆ ಕೊಡಬಾರದು. ಔಷಧ, ಡಾಕ್ಟರ್ ಹೋಲಿಕೆ ಬೇಡ, ಮಾರಾಟವಂತೂ ಬೇಡವೇ ಬೇಡ. ಮಾತಾಡದೆ ಕೂತಿರಲೂ ಹಕ್ಕಿದೆ.

ಆಮೇಲೆ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ: ಈ ಹದಿನೈದು ದಿನ ಹೇಗಿತ್ತು? ಅದರಲ್ಲೇ ಅಂದಿನ ವಿಷಯ ಮೇಲೆ ಬರುತ್ತದೆ. ಸ್ಕ್ಯಾನ್ ರಿಪೋರ್ಟಿಗೆ ಕಾಯುವ ದಿನಗಳು, ನಿದ್ದೆ ಮಾಡಿದರೂ ಹೋಗದ ದಣಿವು, ಮಕ್ಕಳಿಗೆ ಹೇಳುವುದು ಹೇಗೆ, ಮೈಯನ್ನು ಕನ್ನಡಿಯಲ್ಲಿ ನೋಡುವುದು. ಅದಕ್ಕೆ ಮುಕ್ಕಾಲು ಗಂಟೆ ಕೊಡಿ. ಕೊನೆಯ ಹತ್ತು ನಿಮಿಷ ಹೊಸ ನೋವು ಕೆದಕಬೇಡಿ. ಕಲಕಿದ ಮನಸ್ಸಿನಲ್ಲಿ ಒಬ್ಬರನ್ನು ಮನೆಗೆ ಕಳಿಸುವುದು ಸರಿಯಲ್ಲ.

ಕೇಳುವುದೇ ಕೆಲಸ

‘ಧೈರ್ಯವಾಗಿರಿ’, ‘ಏನೂ ಆಗಲ್ಲ ಬಿಡಿ’. ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತುಗಳಿವು, ಆದರೆ ಅಲ್ಲಿಗೆ ಮಾತುಕತೆ ಮುಗಿಯಿತು. ‘ರಾತ್ರಿ ಹೊತ್ತು ತುಂಬ ಭಯ ಆಗುತ್ತೆ’ ಎಂದು ಒಬ್ಬರು ಅಂದರೆ, ‘ರಾತ್ರಿ ಯಾವ ಯೋಚನೆ ಬರುತ್ತೆ?’ ಎಂದು ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಮೌನ ತಡೆಯಲಾಗದೆ ನಡೆಸುವವರೇ ಬಾಯಿ ಹಾಕುವುದು ಮಾಮೂಲಿ ತಪ್ಪು. ‘ನನಗೂ ಹಾಗೇ ಆಗಿತ್ತು’ ಎಂಬುದು ಒಂದೆರಡು ವಾಕ್ಯದವರೆಗೆ ಆಸರೆ. ಅದಕ್ಕಿಂತ ಉದ್ದವಾದರೆ ಕತೆ ನಿಮ್ಮದಾಗುತ್ತದೆ.

ಎಲ್ಲಿ ಕೆಡುತ್ತದೆ?

ಒಬ್ಬರೇ ಮಾತಾಡುತ್ತಾ ಹೋದರೆ ‘ನೀವು ಹೇಳಿದ್ದು ಬೇರೆಯವರಿಗೂ ಆಗಿರಬಹುದು, ಕೇಳೋಣ’ ಎಂದು ದಾಟಿಸಿ. ಪವಾಡದ ಮದ್ದಿನ ಪ್ರಸ್ತಾಪ ಬಂದರೆ ವಾದಕ್ಕಿಳಿಯಬೇಡಿ, ನಿಯಮ ನೆನಪಿಸಿ. ಏನೇ ತೆಗೆದುಕೊಳ್ಳುವ ಮೊದಲು ತಮ್ಮ ಡಾಕ್ಟರಿಗೆ ಹೇಳಲಿ. ಕೆಲವು ಗಿಡಮೂಲಿಕೆಗಳು ಕೀಮೋ ಔಷಧದ ಪರಿಣಾಮವನ್ನೇ ಏರುಪೇರು ಮಾಡುತ್ತವೆ. ವಾಟ್ಸ್ಆ್ಯಪ್ ಗ್ರೂಪ್ ದಿನಾಂಕ, ಸಮಯ ತಿಳಿಸಲು ಮಾತ್ರ. ರಿಪೋರ್ಟಿನ ಫೋಟೊ, ಫಾರ್ವರ್ಡ್‌ಗಳು ಅಲ್ಲಿ ಬಂದರೆ ಗುಟ್ಟು ಉಳಿಯುವುದಿಲ್ಲ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: ‘ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ತಜ್ಞರ ಬಳಿ ಕರೆದೊಯ್ಯಬೇಕು. ಯಾವ ನಂಬರಿಗೆ ಕರೆ ಮಾಡಬೇಕೆಂಬುದು ಮೊದಲ ಸಭೆಗೆ ಮುಂಚೆಯೇ ಬರೆದಿಟ್ಟಿರಲಿ.

ಸದಸ್ಯರೊಬ್ಬರು ತೀರಿಕೊಂಡರೆ, ಮನೆಯವರ ಒಪ್ಪಿಗೆ ಪಡೆದು ಉಳಿದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ತಿಳಿಸಿ. ಮುಂದಿನ ಸಭೆಯಲ್ಲಿ ಮೊದಲು ಅವರ ಮಾತಾಗಲಿ. ತಿಳಿಸದೆ ಮುಚ್ಚಿಟ್ಟರೆ ಗೈರಾದ ಪ್ರತಿಯೊಬ್ಬರ ಬಗ್ಗೆಯೂ ಎಲ್ಲರಿಗೂ ಅನುಮಾನ ಶುರುವಾಗುತ್ತದೆ.

ಸಭೆ ಮುಗಿದ ಮೇಲೆ ನಡೆಸುವ ಇಬ್ಬರೂ ಹದಿನೈದು ನಿಮಿಷ ಕೂತು ಮಾತಾಡಿಕೊಳ್ಳಿ: ಯಾರು ಇಡೀ ಹೊತ್ತು ಸುಮ್ಮನಿದ್ದರು, ಯಾರಿಗೆ ನಾಳೆ ಫೋನ್ ಮಾಡಬೇಕು, ನಿಮಗೇ ಯಾವ ಮಾತು ತಗುಲಿತು. ಬರುವುದು ನಿಲ್ಲಿಸಿದವರಿಗೆ ಒಂದು ಕರೆ ಸಾಕು, ಒತ್ತಾಯ ಬೇಡ. ಕೆಲವರು ಕೆಲಸಕ್ಕೆ ಮರಳಿದ್ದರಿಂದ ಬಿಟ್ಟಿರಬಹುದು.