ಲಾಗೌಟ್ ಆದರೆ ಎಲ್ಲ ಮರೆಯುವ ಲ್ಯಾಬ್: ನನ್ನ ಅನುಭವ

ಮಂಡ್ಯದ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಮೂವತ್ತೆರಡು ಮಷಿನ್, ಎಲ್ಲದರಲ್ಲೂ ಉಬುಂಟು (ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್), ಎಲ್ಲಕ್ಕೂ ಒಂದೇ 'ಸ್ಟೂಡೆಂಟ್' ಅಕೌಂಟ್. ಸ್ಕಾಲರ್‌ಶಿಪ್ ಅರ್ಜಿ ಹಾಕುವ ತಿಂಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಎದೆ ಧಸಕ್ ಅನ್ನುತ್ತಿತ್ತು. ಒಂದೇ ಮಷಿನ್‌ನಲ್ಲಿ ನಲವತ್ತಕ್ಕೂ ಜಾಸ್ತಿ ಆಧಾರ್ ಪಿಡಿಎಫ್, ಜಾತಿ-ಆದಾಯ ಸರ್ಟಿಫಿಕೇಟ್, ಅಪ್ಪನ ಪಾಸ್‌ಬುಕ್ಕಿನ ಫೋಟೊ. 'ಆಧಾರ್‌ಗೆ ಪಾಸ್‌ವರ್ಡ್ ಇರುತ್ತಲ್ಲ' ಅಂದರು ಸಹೋದ್ಯೋಗಿಯೊಬ್ಬರು. ಇರುತ್ತೆ. ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಎರಡನ್ನೂ ಹೇಳುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅದೇ ಫೋಲ್ಡರ್‌ನಲ್ಲಿ ಬಿದ್ದಿರುತ್ತೆ!

ಇವನ್ನೆಲ್ಲ ತಾನಾಗೇ ಅಳಿಸೋಕೆ ಮೊದಲು ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಕೇಳಿದೆ. ಒಟ್ಟು ಲಕ್ಷದ ಹತ್ತಿರ ಕೊಟೇಶನ್ ಬಂತು. ಆಫೀಸಿನವರು ನಕ್ಕು ಕಳಿಸಿದರು.

ಸರಿ, ಸಂಜೆ ಐದಕ್ಕೆ ಎಲ್ಲ ಅಳಿಸುವ ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ತಾನಾಗೇ ಓಡುವ ಕೆಲಸ, ಹಾಕಿದೆ. ಎರಡು ವಾರವಾದರೂ ಫೈಲ್‌ಗಳು ಇದ್ದಲ್ಲೇ ಇದ್ದವು. ನೋಡಿದರೆ ನಮ್ಮ ಅಟೆಂಡರ್ ನಾಲ್ಕೂಮುಕ್ಕಾಲಿಗೇ ಮೇನ್ ಸ್ವಿಚ್ ಆರಿಸಿ ಮಳವಳ್ಳಿ ಬಸ್ ಹಿಡಿಯುತ್ತಿದ್ದ. ಮಧ್ಯಾಹ್ನ ಒಂದಕ್ಕೆ ಬದಲಾಯಿಸಿದೆ. ಊಟಕ್ಕೆ ಹೋಗಿದ್ದ ಫೈನಲ್ ಇಯರ್ ಹುಡುಗಿಯ ಪ್ರಾಜೆಕ್ಟ್ ರಿಪೋರ್ಟ್ ಹೋಯಿತು. 'ಏನ್ ಸಾರ್ ಹಿಂಗ್ ಮಾಡ್ಬುಟ್ರಿ' ಅಂತ ಅವಳು ಅತ್ತಿದ್ದು ಇನ್ನೂ ಮರೆತಿಲ್ಲ. ಅಧ್ಯಾಪಕರೆಲ್ಲ ನನಗೇ ಬೈದರು. ಬೈಯಬೇಕಾದ್ದೇ.

ಆಮೇಲೆ ಹೊಳೆದದ್ದು ಅಕೌಂಟಿನ ಫೈಲೆಲ್ಲ ಇರುವ ಹೋಮ್ ಫೋಲ್ಡರನ್ನೇ ರ‍್ಯಾಮ್‌ನಲ್ಲಿ, ಅಂದರೆ ಡಿಸ್ಕ್ ಬದಲು ಮೆಮೊರಿಯಲ್ಲೇ ಫೈಲ್ ಇಡುವ ಟಿಎಂಪಿಎಫ್‌ಎಸ್‌ನಲ್ಲಿ ಇಡೋದು. ಲಾಗೌಟ್ ಆದಾಗ, ಲಾಗಿನ್ ಪರದೆ ನೋಡಿಕೊಳ್ಳುವ ಲೈಟ್‌ಡಿಎಂನ ಕ್ಲೀನಪ್ ಸ್ಕ್ರಿಪ್ಟ್ ಅದನ್ನು ಕಳಚಿ ಹೊಸದಾಗಿ ಹಾಕುತ್ತೆ. ಕರೆಂಟ್ ಹೋದರಂತೂ ತಾನಾಗೇ ಖಾಲಿ. ಅಟೆಂಡರ್ ಎಷ್ಟು ಬೇಗ ಸ್ವಿಚ್ ಆರಿಸಿದರೂ ಈಗ ನನಗೆ ಖುಷಿಯೇ.

'ರ‍್ಯಾಮ್‌ನಲ್ಲಿ ಯಾರಾದ್ರೂ ಫೈಲ್ ಇಡ್ತಾರೇನ್ರೀ?' ಅಂದರು ಹಿರಿಯರೊಬ್ಬರು. ಮೊದಲ ದಿನ ಅವರೇ ಗೆದ್ದರು. ಮಿತಿ ಹಾಕದಿದ್ದರೆ ಈ ಫೋಲ್ಡರ್ ಅರ್ಧ ರ‍್ಯಾಮ್ ತನಕ ಬೆಳೆಯುತ್ತೆ. ನಮ್ಮಲ್ಲಿ ಇದ್ದದ್ದೇ 4 ಜಿಬಿ. ಒಬ್ಬ ಹುಡುಗ ಎರಡು ಜಿಬಿಯ ಐಎಸ್‌ಒ ಫೈಲ್ ಇಳಿಸಿದ, ಮಷಿನ್ ಕಲ್ಲಾಯಿತು. 1 ಜಿಬಿ ಮಿತಿ ಹಾಕಿದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹಳೇ ರ‍್ಯಾಮ್ ತಂದೆ. ಒಂದಕ್ಕೆ ಐನೂರೈವತ್ತರಂತೆ ಸುಮಾರು ಹದಿನೇಳೂವರೆ ಸಾವಿರ. ಎರಡು ಸತ್ತಿದ್ದವು, ಬದಲಾಯಿಸಿ ಕೊಟ್ಟರು. ಲಕ್ಷದ ಕೆಲಸ ಅಷ್ಟರಲ್ಲೇ ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. ಒಂದು ಭಾನುವಾರ ಸುಮ್ನೆ ಒಂದು ಆಟ ಆಡಿದೆ. ಫೈಲಿನಲ್ಲಿ 'ಅಚ್ಚುಬೆಲ್ಲ' ಅಂತ ಸಾವಿರಾರು ಸಲ ಬರೆದೆ, ಬ್ರೌಸರಿನಲ್ಲಿ ಐವತ್ತು ಟ್ಯಾಬ್ ತೆರೆದು ಮೆಮೊರಿ ತುಂಬಿಸಿದೆ, ಪವರ್ ಕಿತ್ತೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೆಮೊರಿ ತುಂಬಿದಾಗ ಉಕ್ಕಿದ್ದು ಹೋಗಿ ಕೂರುವ ಡಿಸ್ಕಿನ ಜಾಗ, ಅಂದರೆ ಸ್ವಾಪ್ ಪಾರ್ಟಿಷನ್‌ನಲ್ಲಿ ಹುಡುಕಿದರೆ ಅಚ್ಚುಬೆಲ್ಲ ಅಲ್ಲೇ ಕೂತಿದೆ! ಟಿಎಂಪಿಎಫ್‌ಎಸ್ ಸ್ವಾಪ್‌ಗೆ ಹರಿಯುತ್ತೆ ಅನ್ನೋದು ಓದಿ ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಪ್ರತಿ ಬೂಟ್‌ಗೂ ಹೊಸ ಕೀ ಹುಟ್ಟುವ ಹಾಗೆ ಸ್ವಾಪನ್ನು ಎನ್‌ಕ್ರಿಪ್ಟ್ ಮಾಡಿದೆ. ಪವರ್ ಹೋದರೆ ಹಳೇ ಕೀ ಹೋಯಿತು, ಅಲ್ಲಿ ಉಳಿದದ್ದನ್ನು ಯಾರೂ ಓದೋಕಾಗಲ್ಲ. ಖರ್ಚು ಸೊನ್ನೆ.

ಕೆಲಸ ಅಳಿಯದೆ ಉಳಿಯಬೇಕಾದ ಪ್ರಾಜೆಕ್ಟ್ ಮಕ್ಕಳಿಗೆ ಸರ್ವರ್‌ನಲ್ಲಿ ಬೇರೆ ಬೇರೆ ಹೋಮ್ ಕೊಟ್ಟೆ. ಅಲ್ಲೊಂದು ಗುಂಡಿ. ಉಬುಂಟು 21.04 ಆವೃತ್ತಿಯಿಂದ ಹೋಮ್ ಫೋಲ್ಡರಿನ ಅನುಮತಿ 750 (ಒಡೆಯನಿಗೆ ಪೂರ್ತಿ, ಅವನ ಗ್ರೂಪಿಗೆ ನೋಡೋಕಷ್ಟೇ, ಉಳಿದವರಿಗೆ ಇಲ್ಲ) ಆಗಿ ಬರುತ್ತೆ, ಬೇರೆಯವರು ನೋಡೋಕಾಗಲ್ಲ ಅಂತ ನಿಶ್ಚಿಂತೆಯಲ್ಲಿದ್ದೆ. ಆದರೆ ಎಲ್ಲರನ್ನೂ ಒಂದೇ ಗ್ರೂಪಿಗೆ ಸೇರಿಸಿದ್ದವನೂ ನಾನೇ! ಒಬ್ಬರ ಮನೆ ಇನ್ನೊಬ್ಬರಿಗೆ ತೆರೆದೇ ಇತ್ತು. ಈಗ 700, ಒಡೆಯನಿಗೆ ಮಾತ್ರ. ಲಾಗೌಟ್‌ಗೆ ಮೊದಲು ಫೈಲ್ ಸರ್ವರಿಗೆ ಹೋಗಿದೆಯಾ ಅಂತ ಕೇಳಿ ತಡೆಯುವ ಪುಟ್ಟ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಕೊಡಲ್ಲ, ನನ್ನ ಎರಡು ತಿಂಗಳ ಬೆವರು ಅದು.

ಸಭೆಯಲ್ಲಿ 'ಹಳ್ಳಿ ಮಕ್ಕಳಿಗೆ ಪ್ರೈವೆಸಿ ಯಾಕ್ರೀ?' ಅಂದರು ಅದೇ ಹಿರಿಯರು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದದ್ದು ಯಾರ ಕೇಸಿನಲ್ಲಿ ಗೊತ್ತಾ ಸಾರ್ ಅಂತ ಕೇಳಿದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದ್ದು, ಅದೂ ಆಧಾರ್ ವಿಷಯಕ್ಕೇ. ಆ ಹಿರಿಯರು ಕನ್ನಡಕ ಒರೆಸಿಕೊಂಡರು. ಮಾರನೇ ವಾರ ಅವರ ಸ್ಟಾಫ್‌ರೂಮ್ ಮಷಿನ್‌ಗೂ ಇದನ್ನೇ ಹಾಕಿಸಿಕೊಂಡರು ಅನ್ನಿ.

ಈಗ ನನ್ನ ಕಣ್ಣು ಆಫೀಸಿನ ದೊಡ್ಡ ಜೆರಾಕ್ಸ್ ಮಷಿನ್ ಮೇಲೆ. ಅದರೊಳಗೂ ಒಂದು ಹಾರ್ಡ್‌ಡಿಸ್ಕ್ ಇದೆ. ಆ ರೂಮಿನ ಬೀಗದ ಕೈ ಮಾತ್ರ ಸೂಪರಿಂಟೆಂಡೆಂಟ್ ಹತ್ತಿರ.