ಕೊಡಗಿನ ‘ಈ ದಿನ’ ಕ್ಯಾಲೆಂಡರ್: ನನ್ನ ಅನುಭವ

ದಿನಕ್ಕೊಂದು ಹಾಳೆಯ ‘ಇತಿಹಾಸದಲ್ಲಿ ಈ ದಿನ’ ಕ್ಯಾಲೆಂಡರನ್ನು ಕೊಡಗಿನ ಘಟನೆಗಳನ್ನೇ ಮುಂದಿಟ್ಟು ಮಾಡುತ್ತೇನೆಂದಾಗ, ಈ ಕೆಲಸ ಬಲ್ಲ ಮಿತ್ರರೇ ಅದು ಆಗದ ಮಾತೆಂದರು. ಕೊಡಗಿನ ಘಟನೆಗಳಿಗೆ ಇಸವಿ ಸಿಗುತ್ತದೆ, ದಿನಾಂಕ ಸಿಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ಈ ಸಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಮೂರೂ ಕಡೆ ಪ್ರತಿಗಳು ಸಂಕ್ರಾಂತಿಗೆ ಮೊದಲೇ ಮುಗಿದಿವೆ.

ಕೆಲಸ ಹಿಡಿತಕ್ಕೆ ಬಂದದ್ದು ಕ್ರಮವನ್ನು ತಿರುಗಿಸಿದಾಗ. ಜಗತ್ತಿನ ಘಟನೆಗಳನ್ನು ತುಂಬಿಸಿ ಕೊಡಗಿಗೆ ಜಾಗ ಹುಡುಕುವ ಬದಲು, ದಿನ ಖಚಿತವಿರುವ ಕೊಡಗಿನ ಘಟನೆಯನ್ನು ಮೊದಲು ಬರೆದು, ಹೊರಗಿನವನ್ನು ಅದರ ಕೆಳಗೆ ತಂದೆ. ಮೇ 7ರ ಹಾಳೆಯನ್ನೇ ನೋಡಿ: 1834ರಲ್ಲಿ ಕೊಡಗು ಕಂಪನಿ ಆಡಳಿತಕ್ಕೆ ಸೇರಿತೆಂಬ ಘೋಷಣೆ ಹೊರಟ ದಿನವದು, 1861ರಲ್ಲಿ ರವೀಂದ್ರನಾಥ ಠಾಕೂರರು ಹುಟ್ಟಿದ್ದು, 1915ರಲ್ಲಿ ಲುಸಿಟೇನಿಯಾ ಹಡಗು ಮುಳುಗಿದ್ದು, 1945ರಲ್ಲಿ ರೀಮ್ಸ್ ನಗರದಲ್ಲಿ ಜರ್ಮನಿ ಶರಣಾಗತಿಗೆ ಸಹಿ ಹಾಕಿದ್ದು ಎಲ್ಲವೂ ಅಂದೇ. ಅಕ್ಟೋಬರ್ 31 ಎಂದರೆ ಪಟೇಲರ ಜನ್ಮದಿನ, ಇಂದಿರಾ ಗಾಂಧಿಯವರ ಹತ್ಯೆಯಾದ ದಿನ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ 1837ರ ಅದೇ ದಿನ, ಕಂಪನಿ ಆಡಳಿತದ ವಿರುದ್ಧ ದಂಗೆಯೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದ್ದನ್ನು ಆ ಹಾಳೆ ಮೊದಲ ಸಾಲಿನಲ್ಲಿ ಹೇಳುತ್ತದೆ. ಆ ಹಾಳೆಯ ಬಗ್ಗೆ ನನಗೆ ಹೆಮ್ಮೆಯಿದೆ.

ಹಣದ ವಿಷಯ ಕಠಿಣವಾಗಿತ್ತು. ಮೊದಲ ಮುದ್ರಣಕ್ಕೆ ಸುಮಾರು 60 ಸಾವಿರ ರೂಪಾಯಿ ಹೋಯಿತು. ಅಗ್ಗವೆಂದು ಜುಲೈನಲ್ಲಿ ಅಚ್ಚು ಹಾಕಿಸಿದ ತೆಳು ಕಾಗದ ನಮ್ಮ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿ, ಅರ್ಧಕ್ಕೂ ಹೆಚ್ಚು ಪ್ರತಿಗಳು ರದ್ದಿಗೆ ಹೋದವು, ಆ ವರ್ಷದ ಕಾಫಿಯ ಹಣ ಅಲ್ಲಿಗೇ ಮುಗಿಯಿತು. ಈಗ ಮಳೆ ಮುಗಿದ ಮೇಲೆ, ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ, ದಪ್ಪ ಕಾಗದದಲ್ಲಿ ಮಾತ್ರ ಮುದ್ರಿಸುತ್ತೇನೆ. ಪ್ರತಿಗೆ 110 ರೂಪಾಯಿಯ ಆಸುಪಾಸು ಬೀಳುತ್ತದೆ, 180ಕ್ಕೆ ಮಾರುತ್ತೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ಎಲ್ಲ ಘಟನೆಗಳನ್ನೂ ಭಾರತೀಯ ಗಡಿಯಾರಕ್ಕೆ ಹೊಂದಿಸಿ ಜುಲೈ ತಿಂಗಳ ಮಾದರಿಯೊಂದನ್ನು ತಯಾರಿಸಿದಾಗ, 1969ರಲ್ಲಿ ಮನುಷ್ಯ ಚಂದ್ರನ ಮೇಲಿಳಿದದ್ದು 20ರಿಂದ 21ಕ್ಕೆ ಸರಿಯಿತು, ಏಕೆಂದರೆ ಆಗ ನಮ್ಮಲ್ಲಿ ಮಧ್ಯರಾತ್ರಿ ಕಳೆದು ಒಂದೂಮುಕ್ಕಾಲು ಗಂಟೆಯಾಗಿತ್ತು. ಲೆಕ್ಕ ಸರಿಯಿದ್ದರೂ ಓದುಗರು ಒಪ್ಪಲಿಲ್ಲವಾದ್ದರಿಂದ, ಘಟನೆ ನಡೆದ ಸ್ಥಳದ ದಿನವನ್ನೇ ಉಳಿಸಿಕೊಂಡೆ. ಬ್ರಿಟನ್ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ; ಅದಕ್ಕಿಂತ ಹಿಂದಿನ ಅಲ್ಲಿಯ ದಿನಗಳಿಗೆ ‘ಹಳೆ ಲೆಕ್ಕ’ ಎಂಬ ಗುರುತು ಹಾಕುತ್ತೇನೆ; ಅದಿಲ್ಲದಿದ್ದರೆ ನ್ಯೂಟನ್ ಹುಟ್ಟಿದ ದಿನ ಡಿಸೆಂಬರ್ 25ಕ್ಕೂ ಜನವರಿ 4ಕ್ಕೂ ನಡುವೆ ಓಡಾಡುತ್ತದೆ.

ಹಬ್ಬಗಳಲ್ಲಿ, ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ಸುಲಭ: ಸೆಪ್ಟೆಂಬರ್ 3ರ ಹಾಳೆಯಲ್ಲಿ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಘೋಷಿಸಿದ 1939ರ ಸುದ್ದಿಯ ಜೊತೆ ಕೂರುತ್ತದೆ. ಹುತ್ತರಿ ನಕ್ಷತ್ರ ನೋಡಿ ಬರುವ ಹಬ್ಬವಾದ್ದರಿಂದ ಅದಕ್ಕೆ ಸ್ಥಿರವಾದ ಹಾಳೆ ಕೊಟ್ಟಿಲ್ಲ. ಕೊಡಗಿನ ಘಟನೆಯೇ ಇಲ್ಲದ ದಿನಗಳನ್ನು ತುಂಬಲು ನಾನು ಯಾವ ದಾಖಲೆಗಳನ್ನು ತೆರೆಯುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಫೆಬ್ರವರಿ 29ಕ್ಕೆ ಮಾತ್ರ ಆ ದಾಖಲೆಗಳಲ್ಲೂ ಏನೂ ದೊರೆತಿಲ್ಲ. ಮೊರಾರ್ಜಿ ದೇಸಾಯಿ ಮತ್ತು ರುಕ್ಮಿಣಿ ದೇವಿ ಅರುಂಡೇಲ್ ಅವರ ಜನನದ ಮೇಲೆ ಮೊದಲ ಸಾಲು ಖಾಲಿಯಿದೆ. 2028ರ ಮುದ್ರಣಕ್ಕೆ ಮೊದಲು ಅದನ್ನು ತುಂಬಬೇಕು.