38ಕ್ಕೆ ನಿಂತ ಮುಟ್ಟು, ಮೂರು ವರ್ಷದ ಹಾರ್ಮೋನು: ನನ್ನ ಅನುಭವ

ಈ ಸಲದ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತೀರ್ಥಹಳ್ಳಿಯ ತುಂಗೆಯ ದಡದಲ್ಲಿ ಶಾಲು ಹೊದ್ದು ನಿಂತಿದ್ದೆ. ನನಗೆ ಚಳಿಯಾಗುತ್ತಿತ್ತು. ಇದರಲ್ಲೇನಿದೆ ಎಂದು ಬೇರೆಯವರು ಕೇಳಬಹುದು, ನನ್ನಂತೆ ಬೇಗ ಮುಟ್ಟು ನಿಂತು ಮೈ ಉರಿ ಕಂಡ ನಿಮಗೆ ಅರ್ಥವಾಗುತ್ತದೆ. ನಾಲ್ಕು ವರ್ಷದ ಹಿಂದೆ ಅದೇ ಜಾಗದಲ್ಲಿ, ಸುತ್ತಲಿನವರೆಲ್ಲ ಸ್ವೆಟರಿನಲ್ಲಿದ್ದಾಗ, ನನ್ನ ರವಿಕೆ ಬೆವರಿಗೆ ಬೆನ್ನಿಗಂಟಿತ್ತು. ಆಗ ನನಗೆ 38. ಮುಟ್ಟು ನಿಂತು ಏಳು ತಿಂಗಳಾಗಿತ್ತು.

ಮುಟ್ಟು ನಿಂತಾಗ ಕಡಿಮೆಯಾಗುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಔಷಧಿಯಾಗಿ ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದೆ ಎಂದು ನನ್ನನ್ನು ಹೆದರಿಸಿದವರು ಹನ್ನೊಂದು ಜನ, ಅವರಲ್ಲಿ ಇಬ್ಬರು ದಾದಿಯರು. ಈಗ ಆ ಹನ್ನೊಂದರಲ್ಲೇ ಮೂವರು, ತಂಗಿಗೆ, ನಾದಿನಿಗೆ ಎಂದು ನನ್ನ ಜಗಲಿಗೆ ಬಂದು ಕೇಳಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ನೀರಿನಲ್ಲಿ ಹೋಮ. ಒಬ್ಬ ವೈದ್ಯರು ಮಾನಸಿಕ ಒತ್ತಡ ಎಂದು ನಿದ್ರೆಗೆ ಮಾತ್ರೆ ಕೊಟ್ಟರು. ಇನ್ನೊಂದು ಕಡೆ ಥೈರಾಯ್ಡ್ ಪರೀಕ್ಷೆಯನ್ನೇ ಮೂರು ಸಲ ಮಾಡಿಸಿದರು, ಮೂರು ಸಲವೂ ಸರಿಯಾಗಿಯೇ ಇತ್ತು. ಮತ್ತೊಬ್ಬರು ಮುಟ್ಟು ಬರಿಸಲು ಹತ್ತು ದಿನದ ಮಾತ್ರೆ ಕೊಟ್ಟರು, ಏನೂ ಬರಲಿಲ್ಲ. ಮುಟ್ಟು ನಿಲ್ಲಿಸಿದ ಕಾರಣವನ್ನು ಮಾತ್ರ ಯಾರೂ ಹುಡುಕಲಿಲ್ಲ. ಪುಡಿ ಮಾರುವವನೊಬ್ಬ ಮೂರು ತಿಂಗಳಿಗೆ 4,800 ರೂಪಾಯಿ ತೆಗೆದುಕೊಂಡ. ಬಸ್ಸು, ಬಾಡಿಗೆ ಕಾರು ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು ಖರ್ಚಾಯಿತು. ಆಗಿನ ಲೆಕ್ಕದಲ್ಲಿ ಸುಮಾರು ಅರ್ಧ ಕ್ವಿಂಟಾಲ್ ರಾಶಿ ಅಡಿಕೆ. ಅಷ್ಟನ್ನು ಸುಲಿಯಲು ಎಷ್ಟು ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂರಬೇಕು ಎಂಬುದು ನಮ್ಮ ಕಡೆಯವರಿಗೆ ಗೊತ್ತಿದೆ.

ಕೊನೆಗೆ ಎಫ್‌ಎಸ್‌ಎಚ್, ಅಂದರೆ ಅಂಡಾಶಯ ಸೋತಾಗ ಏರುವ ಹಾರ್ಮೋನಿನ ರಕ್ತಪರೀಕ್ಷೆ, ನಾನೇ ಕೇಳಿ ಮಾಡಿಸಿದೆ: 71. ಆರು ವಾರ ಬಿಟ್ಟು ಮತ್ತೆ ಮಾಡಿಸಿದಾಗ 84. 25 ದಾಟಿದರೆ ಯೋಚಿಸಬೇಕಾದ ಅಂಕಿ ಅದು. ಉಳಿದ ಅಂಡಗಳ ಅಂದಾಜು ಕೊಡುವ ಎಎಂಎಚ್ ಅಳತೆಗೇ ಸಿಗಲಿಲ್ಲ. ಆ ಕಾಗದ ಹಿಡಿದು ಬೆಳಗಿನ ಬಸ್ಸಿನಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿಯ ವೈದ್ಯೆ ಇಪ್ಪತ್ತು ನಿಮಿಷ ಕೊಟ್ಟರು. ನನ್ನ ಬದುಕಿನಲ್ಲಿ ಬೆಲೆಬಾಳುವ ಇಪ್ಪತ್ತು ನಿಮಿಷ ಅದು.

ನಾನು ಮೊದಲು ಕೇಳಿದ್ದೇ ಕ್ಯಾನ್ಸರಿನ ವಿಷಯ. ಆ ಭಯ ಹರಡಿದ್ದು 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೆ ನಿಲ್ಲಿಸಿದ ದೊಡ್ಡ ಅಧ್ಯಯನದಿಂದ ಎಂದರು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮತ್ತು ಕೃತಕ ಪ್ರೊಜೆಸ್ಟಿನ್ ಸೇರಿದ ಮಾತ್ರೆ. ಅಲ್ಲಿ ಹೆಚ್ಚಾದ ಸ್ತನ ಕ್ಯಾನ್ಸರ್ ಹತ್ತು ಸಾವಿರ ಹೆಂಗಸರಿಗೆ ವರ್ಷಕ್ಕೆ ಎಂಟರಷ್ಟು. "ಅವರ ದೇಹ ಈಸ್ಟ್ರೋಜನ್ ಬಿಟ್ಟು ಎಷ್ಟೋ ವರ್ಷ ಆಗಿತ್ತು. ನಿಮ್ಮ ದೇಹಕ್ಕೆ ಇನ್ನೂ ಹನ್ನೆರಡು ವರ್ಷ ಅದು ಸಿಗಬೇಕಿತ್ತು. ನಾನು ಹೊಸದೇನನ್ನೂ ಕೊಡುತ್ತಿಲ್ಲ, ಬಾಕಿ ಕೊಡುತ್ತಿದ್ದೇನೆ" ಎಂದರು. ಆ "ಬಾಕಿ" ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. 63ರ ಹೆಂಗಸಿನ ಅಪಾಯವನ್ನು 38ರ ನನ್ನ ತಲೆಗೆ ಕಟ್ಟಿದ್ದರಲ್ಲ ಎಂದು ಘಾಟಿ ಹತ್ತುವಾಗ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇದೆ.

ಆದರೂ ಎರಡು ತಿಂಗಳು ತಡೆದೆ. ಮ್ಯಾಮೊಗ್ರಾಮ್, ರಕ್ತದೊತ್ತಡ, ಕೊಬ್ಬು, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಎಲ್ಲ ಮಾಡಿಸಿದೆ. ಐದಾರು ಸಾವಿರ ಹೋಯಿತು. ಬೆನ್ನುಮೂಳೆಯ ಸ್ಕೋರ್ ಮೈನಸ್ 1.9, ಅಂದರೆ ಮೂಳೆ ತೆಳುವಾಗಿದೆ, ಎಂದು ಬಂದ ದಿನ ತೀರ್ಮಾನ ಮಾಡಿದೆ. ನಮ್ಮ ಅಜ್ಜಿ ಕೊನೆಯ ಆರು ವರ್ಷ ಬಾಗಿಯೇ ನಡೆದಳು. ಬಿಸಿಯನ್ನು ಸಹಿಸಬಹುದಿತ್ತು, ಆ ಬೆನ್ನನ್ನು ನಾನು ಒಪ್ಪಲಾರೆನಾಗಿದ್ದೆ.

ಆ ಎರಡು ತಿಂಗಳಲ್ಲಿ ಮನೆಯ ಪ್ರಯೋಗಗಳೂ ನಡೆದವು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ದಿನಕ್ಕೆ ಎಷ್ಟು ಸಲ ಮೈ ಉರಿಯಿತು ಎಂದು ಗೀಟು ಎಳೆಯುತ್ತಿದ್ದೆ. ಸರಾಸರಿ 14. ಒಂದೆಲಗದ ತಂಬುಳಿ ತಿಂಗಳು ತಿಂದೆ, 14. ಅಗಸೆ ಬೀಜ, 13. ಸೋಯಾ ನಮ್ಮ ಹೊಟ್ಟೆಗೆ ಒಗ್ಗಲಿಲ್ಲ. ಅತ್ತೆ ಬೆಟ್ಟದಿಂದ ಶತಾವರಿ ಅಗೆದು ತಂದು ಹಾಲಿನಲ್ಲಿ ಕುದಿಸಿ ಕೊಟ್ಟರು. ನಮ್ಮಲ್ಲಿ ಅದಕ್ಕೆ ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ. ಎರಡನೆಯ ಮಗುವಿನ ಆಸೆ ಇಟ್ಟುಕೊಂಡಿದ್ದ ನಾನು ಆ ಹೆಸರು ಕೇಳಿ ಒಲೆಯ ಮುಂದೆಯೇ ಕಣ್ಣೀರು ಹಾಕಿದೆ. ಅತ್ತೆಯ ಪ್ರೀತಿಗೆ ಕುಡಿದೆ, ಗೀಟು ಮಾತ್ರ ಕಡಿಮೆಯಾಗಲಿಲ್ಲ. ಫಲ ಕೊಟ್ಟ ಸಣ್ಣ ಸಂಗತಿ ಒಂದೇ: ಹಂಡೆಯ ಸುಡುನೀರಿನ ರಾತ್ರಿ ಸ್ನಾನ ಬಿಟ್ಟದ್ದು. ಆಮೇಲೆ ನಿದ್ದೆಯ ಹೊತ್ತಿನ ಉರಿ ಎರಡು ಸಲ ಕಡಿಮೆಯಾಯಿತು.

ಮೊದಲು ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಮಾತ್ರೆ ಕೊಟ್ಟರು. ಮೊದಲೇ ಅರೆತಲೆನೋವಿನವಳು ನಾನು, ವಾರಕ್ಕೆ ಎರಡು ಸಲ ಮಲಗುವಂತಾಯಿತು. ಚರ್ಮಕ್ಕೆ ಅಂಟಿಸುವ ಹಾರ್ಮೋನು ಪಟ್ಟಿ ತರಿಸಿ ನೋಡಿದೆ. ಆಷಾಢದ ತೇವಕ್ಕೆ, ಗದ್ದೆಯ ಬೆವರಿಗೆ ಎರಡನೆಯ ದಿನವೇ ಅಂಚು ಎದ್ದಿತು. ಮೈಗೆ ಹಚ್ಚುವ ಜೆಲ್ ನನಗೆ ಹೊಂದಿತು. ಚರ್ಮದ ಮೂಲಕ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವೂ ಮಾತ್ರೆಗಿಂತ ಕಡಿಮೆ ಎಂದು ವೈದ್ಯೆ ಹೇಳಿದ್ದರು. ಆದರೆ ಒಂದು ಅಳತೆ ಜೆಲ್‌ಗೆ ದಿನದ ಗೀಟು 9ಕ್ಕೆ ಇಳಿದು ಅಲ್ಲೇ ನಿಂತಿತು. ಐವತ್ತು ದಾಟಿದವರಿಗೆ ಸಾಕಾಗುವ ಅಳತೆ ನಮ್ಮ ವಯಸ್ಸಿಗೆ ಹೆಚ್ಚಾಗಿ ಸಾಲುವುದಿಲ್ಲ. ಕ್ಯಾಲೆಂಡರಿನ ಹಾಳೆಗಳನ್ನೇ ಹರಿದು ಒಯ್ದು ತೋರಿಸಿದೆ, ಎರಡು ಅಳತೆ ಮಾಡಿದರು. ಮೂರು ವಾರಕ್ಕೆ 2, ಎರಡು ತಿಂಗಳಿಗೆ ಗೀಟೇ ಇಲ್ಲ. ಇಂಥ ದಾಖಲೆ ತಂದವರು ನೀವೇ ಮೊದಲು ಎಂದು ಅವರು ಹೇಳಿದ್ದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ.

ಇನ್ನು ನನ್ನ ದೊಡ್ಡ ತಪ್ಪು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ನಿನ ಜೊತೆ, ಗರ್ಭಕೋಶದ ಒಳಪದರ ದಪ್ಪವಾಗದಂತೆ ತಡೆಯುವ ಪ್ರೊಜೆಸ್ಟರಾನ್ ಬೇಕೇ ಬೇಕು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ತಿಂಗಳಿಗೆ ಹನ್ನೆರಡು ದಿನ 200 ಮಿಲಿಗ್ರಾಂ ಬರೆದಿದ್ದರು. ಬೆಳಗಿನ ತಿಂಡಿಯ ಜೊತೆ ನುಂಗಿದ್ದರಿಂದ ತಲೆ ತಿರುಗಿ, ಮಂಪರು ಕವಿಯಿತು. ಯಾರನ್ನೂ ಕೇಳದೆ ಮೂರು ತಿಂಗಳು ಬಿಟ್ಟುಬಿಟ್ಟೆ. ರಕ್ತಸ್ರಾವ ಶುರುವಾಯಿತು. ಸ್ಕ್ಯಾನಿನಲ್ಲಿ ಒಳಪದರ 13 ಮಿಲಿಮೀಟರ್. ಹೆದರಿಸಿದ ಹನ್ನೊಂದು ಜನರೂ ಅಂದು ರಾತ್ರಿ ನನ್ನ ಕಣ್ಣ ಮುಂದೆ ಬಂದರು. ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಫಲಿತಾಂಶ ಬರುವವರೆಗಿನ ಒಂಬತ್ತು ದಿನ ಅನ್ನ ಇಳಿಯಲಿಲ್ಲ. ಏನೂ ಕೆಟ್ಟದ್ದಿರಲಿಲ್ಲ. ಅಂದಿನಿಂದ ಮಲಗುವ ಹೊತ್ತಿಗೆ ನುಂಗುತ್ತೇನೆ. ಹಗಲಿನ ಅದೇ ಮಂಪರು ರಾತ್ರಿ ಒಳ್ಳೆಯ ನಿದ್ದೆಯಾಗಿದೆ.

ಜೆಲ್ ಹಚ್ಚಿದ ಜಾಗ ಒಣಗುವವರೆಗೆ ಮಗಳನ್ನು ತೊಡೆಯ ಮೇಲೆ ಕೂರಿಸುವುದಿಲ್ಲ. ಚಿಕ್ಕವರ ಚರ್ಮಕ್ಕೆ ತಾಗಬಾರದು. ಮಳೆಗಾಲದಲ್ಲಿ ಅದು ಒಣಗುವುದೇ ಕಷ್ಟ, ಅಡಿಕೆ ಒಣಗಿಸುವ ಮನೆಯವರಿಗೆ ಅದಕ್ಕೊಂದು ದಾರಿ ಹೊಳೆದೀತು. ನನ್ನ ದಾರಿ ನನಗಿರಲಿ. ಹಾಗೆಯೇ ನಮ್ಮ ಪೇಟೆಯ ಔಷಧಿ ಅಂಗಡಿಯವರನ್ನು ಪ್ರತಿ ತಿಂಗಳು ಜೆಲ್ ತರಿಸುವಂತೆ ಒಪ್ಪಿಸಿದ ಬಗೆಯನ್ನೂ ಇಲ್ಲಿ ಬರೆಯುವುದಿಲ್ಲ.

ಇನ್ನೊಂದನ್ನು ಬರೆಯದಿದ್ದರೆ ಅಪ್ರಾಮಾಣಿಕಳಾಗುತ್ತೇನೆ. ಮುಟ್ಟು ನಿಂತ ಮೇಲೆ ಒಣಗಿದ್ದು ಗಂಟಲು, ಕಣ್ಣು ಮಾತ್ರವಲ್ಲ. ಗಂಡನ ಹತ್ತಿರ ಹೋಗಲು ಹೆದರುವಂತಾಗಿ ವರ್ಷ ಕಳೆದಿತ್ತು. ಜೆಲ್ ಒಂದರಿಂದ ಅದು ಸರಿಹೋಗಲಿಲ್ಲ, ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಬೇಕಾಯಿತು. ಆರು ವಾರದಲ್ಲಿ ಬದುಕು ಮರಳಿತು. ಇದನ್ನು ಕೇಳಲು ನಾನು ಮೂರು ಭೇಟಿ ಹಿಂಜರಿದೆ. ಈ ಚಿಕಿತ್ಸೆ ಗರ್ಭ ತಡೆಯುವುದಿಲ್ಲ ಎಂದೂ ಆಗಲೇ ತಿಳಿಯಿತು. ನಮ್ಮಂತೆ ಬೇಗ ಮುಟ್ಟು ನಿಂತವರಲ್ಲೂ ನೂರಕ್ಕೆ ಐದರಿಂದ ಹತ್ತು ಜನರಿಗೆ ಗರ್ಭ ನಿಲ್ಲುವುದುಂಟಂತೆ. ನಾನು ತಡೆಯುತ್ತಿಲ್ಲ.

ಈಗ ಜೆಲ್‌ಗೆ ತಿಂಗಳಿಗೆ ಆರೇಳು ನೂರು, ಪ್ರೊಜೆಸ್ಟರಾನಿಗೆ ನಾನೂರರ ಹತ್ತಿರ. ನಾಲ್ಕು ತಿಂಗಳು ಬಿಸಿಲು ಕಾಣದ ಊರು ನಮ್ಮದು, ಡಿ ಜೀವಸತ್ವ 11ಕ್ಕೆ ಇಳಿದಿತ್ತು, ಎಂಟು ವಾರ, ವಾರಕ್ಕೊಂದರಂತೆ 60,000 ಯೂನಿಟ್ಟಿನ ಪೊಟ್ಟಣ ಕುಡಿದು 34ಕ್ಕೆ ತಂದೆ. ಬೆಳಿಗ್ಗೆ ರಾಗಿ ಗಂಜಿ, ಸಂಜೆ ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿಯುವುದು ತಪ್ಪಿಲ್ಲ. ಎರಡು ವರ್ಷಕ್ಕೆ ಮತ್ತೆ ಡೆಕ್ಸಾ: ಮೈನಸ್ 1.5. ಐವತ್ತರ ತನಕ ಮುಂದುವರಿಸಿ, ಆಮೇಲೆ ಕೂತು ಮಾತಾಡೋಣ ಎಂದಿದ್ದಾರೆ ವೈದ್ಯೆ. ವರ್ಷಕ್ಕೊಮ್ಮೆ ಎಲ್ಲ ಪರೀಕ್ಷೆ ಮಾಡಿಸುತ್ತೇನೆ.

ಆರಿದ್ರೆ ಮಳೆ ಹಿಡಿದರೆ ಘಾಟಿ ಯಾವಾಗ ಮುಚ್ಚುತ್ತದೆ ಎಂದು ಹೇಳಲಾಗದು. ಮೂರು ಟ್ಯೂಬು ತಂದು ಅಕ್ಕಿ ಡಬ್ಬದ ಪಕ್ಕದಲ್ಲಿ ಇಟ್ಟಿದ್ದೇನೆ. ಈ ವರ್ಷದ ಕ್ಯಾಲೆಂಡರಿನಲ್ಲಿ ಇಲ್ಲಿಯವರೆಗೆ ಹಾಲಿನ ಲೆಕ್ಕ ಮಾತ್ರ ಇದೆ.